ಗೋಡೆಯಲ್ಲಿ ನೆಲೆಸುವ ಧ್ವನಿವರ್ಧಕ

ರೇಡಿಯೋ ಕೊಳ್ಳುವಾಗ ನಾವು ಬೆಲೆಯನ್ನು ವಿಚಾರಿಸುತ್ತೇವೆ, ಪೆಟ್ಟಿಗೆಯ ಅಂದವನ್ನು ನೋಡುತ್ತೇವೆ, ದೂರದ ನಿಲಯಗಳು ಸಿಕ್ಕುತ್ತವೆಯೇ ಎಂದು ಪರೀಕ್ಷಿಸುತ್ತೇವೆ. ಆದರೆ ಇಷ್ಟೆಲ್ಲ ಆದ ಮೇಲೆ ನಮ್ಮ ಕಿವಿಗೆ ತಲಪುವುದು ಕಾಗದದ ಒಂದು ಶಂಕುವಿನ ಅಲುಗಾಟ ಮಾತ್ರ. ಆ ಶಂಕುವಿಗೆ ತಕ್ಕ ನೆಲೆ ಸಿಕ್ಕದಿದ್ದರೆ ಗಾಯಕರ ಸಾಧನೆಯೂ ನಿಲಯದವರ ಶ್ರಮವೂ ಅರ್ಧ ದಾರಿಯಲ್ಲಿಯೇ ಉಳಿದುಬಿಡುತ್ತವೆ. ವಯಸ್ಸಾದವರಿರುವ ಮನೆಗಳಲ್ಲಿ “ಸದ್ದೇನೋ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ” ಎಂಬ ದೂರು ಹೊಸದಲ್ಲ. ಆಗ ಮನೆಯವರು ಸದ್ದನ್ನು ಇನ್ನಷ್ಟು ಏರಿಸುತ್ತಾರೆ. ಮಾತು ಇನ್ನಷ್ಟು ಕಲಸಿಹೋಗುತ್ತದೆ. ಪಕ್ಕದ ಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿದ್ದ ಹುಡುಗ ಪುಸ್ತಕವನ್ನು ಮುಚ್ಚಿಡುತ್ತಾನೆ.

ಈ ತೊಂದರೆಗೆ ಇರುವ ಪರಿಹಾರಗಳಲ್ಲಿ ಒಂದು, ಧ್ವನಿವರ್ಧಕವನ್ನು ಮೇಜಿನ ಮೇಲಿಂದ ತೆಗೆದು ಗೋಡೆಯಲ್ಲಿ ಕೂರಿಸುವುದು. ಗರಗಸವನ್ನೂ ಬೆಸುಗೆ ಕಡ್ಡಿಯನ್ನೂ ಹಿಡಿಯಬಲ್ಲ ಗೃಹಸ್ಥರು ನಾಲ್ಕಾರು ಭಾನುವಾರಗಳಲ್ಲಿ ಈ ಕೆಲಸವನ್ನು ತಾವೇ ಮಾಡಿಕೊಳ್ಳಬಹುದು. ಆದರೆ ಕೈ ಹಾಕುವ ಮೊದಲು ಅದರ ತತ್ತ್ವವನ್ನು ತಿಳಿದಿರುವುದು ಒಳ್ಳೆಯದು. ತತ್ತ್ವ ತಿಳಿಯದೆ ಒಡೆದ ಗೋಡೆಯನ್ನು ಮತ್ತೆ ಮೊದಲಿನಂತೆ ಮಾಡುವುದು ಸುಲಭವಲ್ಲ.

ಬೀಸಣಿಗೆಯ ಪಾಠ

ಧ್ವನಿವರ್ಧಕವು ಮೂಲತಃ ಸರಳವಾದ ಯಂತ್ರ. ಅಯಸ್ಕಾಂತದ ಕಿರಿದಾದ ಸಂದಿನಲ್ಲಿ ತೆಳುತಂತಿಯ ಸುರುಳಿಯೊಂದು ನಿಂತಿರುತ್ತದೆ. ವಿದ್ಯುತ್ತು ಅದರಲ್ಲಿ ಹರಿದಾಗ ಸುರುಳಿ ಹಿಂದಕ್ಕೂ ಮುಂದಕ್ಕೂ ಚಲಿಸುತ್ತದೆ. ಅದಕ್ಕೆ ಅಂಟಿಸಿದ ಶಂಕು ಗಾಳಿಯನ್ನು ನೂಕುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬವರು ೧೯೨೫ರಲ್ಲಿ ವಿವರಿಸಿದ ರೂಪ ಇದೇ. ಇಂದಿಗೂ ಬಹುಪಾಲು ಧ್ವನಿವರ್ಧಕಗಳು ಈ ಜಾತಿಗೆ ಸೇರಿದವು.

ಶಂಕುವಿಗೆ ಎರಡು ಮುಖಗಳುಂಟು. ಅದು ಮುಂದೆ ಸರಿದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಗಾಳಿ ವಿರಳವಾಗುತ್ತದೆ. ಬೀಸಣಿಗೆಯನ್ನು ಬಹಳ ನಿಧಾನವಾಗಿ ಆಡಿಸಿ ನೋಡಿ. ಮುಂದಿನ ಗಾಳಿ ಅಂಚನ್ನು ಬಳಸಿಕೊಂಡು ಹಿಂದಕ್ಕೆ ಜಾರುತ್ತದೆ. ಮುಖಕ್ಕೆ ಗಾಳಿಯೇ ಬರುವುದಿಲ್ಲ. ಬಿಡಿಯಾದ ಧ್ವನಿವರ್ಧಕದಲ್ಲಿ ಮಂದ್ರ ಸ್ವರಗಳ ಗತಿಯೂ ಇದೇ. ಹಿಂದಿನ ಅಲೆ ಮುಂದಿನ ಅಲೆಯನ್ನು ಅಳಿಸಿಹಾಕುತ್ತದೆ. ಮನೆಯಲ್ಲಿ ಬಿಡಿ ಧ್ವನಿವರ್ಧಕ ಇದ್ದರೆ ಅದನ್ನು ಮೊದಲು ಕೈಯಲ್ಲಿ ಹಿಡಿದು ಕೇಳಿ; ಆಮೇಲೆ ಅಗಲವಾದ ಹಲಗೆಯಲ್ಲಿ ಅದರ ಅಳತೆಗೆ ತೂತು ಕೊರೆದು ಅಲ್ಲಿಟ್ಟು ಕೇಳಿ. ತೆಳ್ಳಗೆ ಕಿರುಗುಟ್ಟುತ್ತಿದ್ದ ಹಾಡಿಗೆ ಒಮ್ಮೆಗೇ ಮೈ ತುಂಬಿಕೊಳ್ಳುತ್ತದೆ.

ಹಲಗೆ ಎಷ್ಟು ಅಗಲವಿರಬೇಕು? ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೩೪೪ ಮೀಟರ್. ಸೆಕೆಂಡಿಗೆ ಸಾವಿರ ಸಲ ಕಂಪಿಸುವ, ಎಂದರೆ ೧೦೦೦ ಹರ್ಟ್ಜ್‌ನ, ಸ್ವರದ ಒಂದು ಅಲೆಯ ಉದ್ದ ೩೪ ಸೆಂಟಿಮೀಟರ್. ೧೦೦ ಹರ್ಟ್ಜ್‌ನ ಸ್ವರದ ಅಲೆಯಾದರೋ ೩.೪ ಮೀಟರ್. ಈ ಸ್ವರ ಅಳಿಸಿಹೋಗದಂತೆ ತಡೆಯಲು ಹಲಗೆ ಅರ್ಧ ಅಲೆಯಷ್ಟಾದರೂ, ಸುಮಾರು ೧.೭ ಮೀಟರ್, ಅಗಲವಿರಬೇಕಾಗುತ್ತದೆ. ಹಿಂಬದಿ ತೆರೆದಿದ್ದ ಹಳೆಯ ಮೇಜಿನ ರೇಡಿಯೋಗಳಲ್ಲಿ ಮೃದಂಗದ ಎಡಗಡೆಯ ನಾದ ಸೊರಗುತ್ತಿದ್ದುದಕ್ಕೆ ಇದೊಂದು ಕಾರಣ. ಅಷ್ಟು ದೊಡ್ಡ ಹಲಗೆಯನ್ನು ಹಜಾರದಲ್ಲಿ ನಿಲ್ಲಿಸುವವರು ಯಾರು? ಆದರೆ ಅಂಥದೊಂದು ‘ಹಲಗೆ’ ಪ್ರತಿ ಮನೆಯಲ್ಲೂ ಆಗಲೇ ನಿಂತಿದೆ. ಅದೇ ಗೋಡೆ.

ಗೋಡೆಯಿಂದ ಆಗುವ ಲಾಭ

ಹಿಂದಿನ ಅಲೆಯನ್ನು ತಡೆಯುವುದೊಂದೇ ಆದರೆ ಮುಚ್ಚಿದ ಪೆಟ್ಟಿಗೆಯೇ ಸಾಕು. ಗೋಡೆ ಇನ್ನೂ ಎರಡು ಉಪಕಾರಗಳನ್ನು ಮಾಡುತ್ತದೆ.

ಕೋಣೆಯ ನಡುವೆ ನಿಂತ ಪೆಟ್ಟಿಗೆಯಿಂದ ತಾರಸ್ವರಗಳು ಎದುರಿಗೆ ಮಾತ್ರ ಹೋಗುತ್ತವೆ. ಮಂದ್ರಸ್ವರಗಳು ಸುತ್ತಲೂ ಹರಡಿ ಹೋಗುತ್ತವೆ. ಶಂಕು ಗೋಡೆಯ ಮೇಲ್ಮೈಗೆ ಸಮನಾಗಿ ಕುಳಿತಾಗ ಎರಡಕ್ಕೂ ಎದುರಿನ ಅರ್ಧ ಜಾಗ ಮಾತ್ರ ಉಳಿಯುತ್ತದೆ. ಮಂದ್ರಕ್ಕೆ ಹೆಚ್ಚೆಂದರೆ ೬ ಡೆಸಿಬೆಲ್ ಬಲ ಬಿಟ್ಟಿಯಾಗಿ ದೊರೆಯುತ್ತದೆ.

ಎರಡನೆಯದು ಮಾತಿನ ಸ್ಪಷ್ಟತೆಗೆ ಸಂಬಂಧಿಸಿದ್ದು. ಪೆಟ್ಟಿಗೆ ಗೋಡೆಯಿಂದ ೬೦ ಸೆಂ.ಮೀ. ಮುಂದಿದ್ದರೆ, ಹಿಂದೆ ಹೋಗಿ ಗೋಡೆಗೆ ಬಡಿದು ಬರುವ ಅಲೆ ೧೨೦ ಸೆಂ.ಮೀ. ಹೆಚ್ಚು ದೂರ ನಡೆದಿರುತ್ತದೆ. ಯಾವ ಸ್ವರಕ್ಕೆ ಇದು ಅರ್ಧ ಅಲೆಯಾಗುತ್ತದೋ ಆ ಸ್ವರ ಕ್ಷೀಣಿಸುತ್ತದೆ. ಲೆಕ್ಕ ಹಾಕಿದರೆ ಅದು ೧೪೩ ಹರ್ಟ್ಜ್. ಗಂಡಸರ ಮಾತಿನ ಮೂಲಸ್ವರ ಇರುವ ಎಡೆ. ಗೋಡೆಯಲ್ಲೇ ಕುಳಿತ ಧ್ವನಿವರ್ಧಕದ ಬೆನ್ನ ಹಿಂದೆ ಗೋಡೆಯಿಲ್ಲ; ಆದುದರಿಂದ ಈ ಕಳವೂ ಇಲ್ಲ.

ನಷ್ಟಗಳನ್ನೂ ಹೇಳಬೇಕು. ಒಮ್ಮೆ ಕೂರಿಸಿದ ಮೇಲೆ ಜಾಗ ಬದಲಿಸಲಾಗದು. ಗೋಡೆಯಲ್ಲಿ ಆರಪಾರ ತೂತು ಮಾಡಿ ಶಂಕುವಿನ ಬೆನ್ನನ್ನು ಪಕ್ಕದ ಕೋಣೆಗೆ ಬಿಟ್ಟರೆ ಭೌತಶಾಸ್ತ್ರ ಒಪ್ಪುತ್ತದೆ, ಆ ಕೋಣೆಯವರು ಒಪ್ಪುವುದಿಲ್ಲ. ಇಲ್ಲಿಯಷ್ಟೇ ಸದ್ದು ಅಲ್ಲಿಯೂ ಆಗುತ್ತದೆ. ಆದಕಾರಣ ಬೆನ್ನಿಗೆ ಬಿಗಿಯಾದ ಪೆಟ್ಟಿಗೆ ಬೇಕೇ ಬೇಕು.

ಮೊದಲು ಗೋಡೆಯನ್ನು ತಿಳಿಯಿರಿ

ನಮ್ಮ ಊರುಗಳ ಹಳೆಯ ಮನೆಗಳಲ್ಲಿ ಗೋಡೆಯೇ ಮಾಳಿಗೆಯ ಭಾರವನ್ನು ಹೊರುತ್ತದೆ. ಅಂತಹ ಗೋಡೆಯನ್ನು ಕೊರೆಯುವುದು ಆಟವಲ್ಲ. ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಯಲ್ಲಿ ಅರ್ಧ ದಪ್ಪವನ್ನು ತೆಗೆದರೆ ಅಲ್ಲಿ ಬಲ ಕುಗ್ಗುತ್ತದೆ. ಜೊತೆಗೆ ಶಬ್ದವನ್ನು ತಡೆಯುವ ಶಕ್ತಿಯೂ ಸುಮಾರು ೬ ಡೆಸಿಬೆಲ್‌ನಷ್ಟು ಇಳಿಯುತ್ತದೆ. ಭಾರ ಹೊರುವ ಗೋಡೆಯನ್ನು ಇಂಜಿನಿಯರರ ಸಲಹೆಯಿಲ್ಲದೆ ಮುಟ್ಟಕೂಡದು. ಕಾಂಕ್ರೀಟಿನ ಕಂಬವನ್ನೂ ತೊಲೆಯನ್ನೂ ಯಾರ ಸಲಹೆಯ ಮೇಲೂ ಮುಟ್ಟಕೂಡದು.

ಸುಖದ ಮಾತೆಂದರೆ, ಬಹಳ ಮನೆಗಳಲ್ಲಿ ಕೊರೆಯುವ ಅಗತ್ಯವೇ ಇಲ್ಲ. ಹಜಾರದಲ್ಲಿ ಗೋಡೆ ಬೀರುವೋ ಆಳವಾದ ಗೂಡೋ ಆಗಲೇ ಇರುತ್ತದೆ. ಅದರ ಬಾಗಿಲನ್ನು ಕಳಚಿ ಪೆಟ್ಟಿಗೆಯನ್ನು ಅಲ್ಲಿ ಕೂರಿಸಬಹುದು. ಅದೂ ಇಲ್ಲದವರು, ಬಾಡಿಗೆ ಮನೆಯವರು, ಗೋಡೆಗೆ ಒತ್ತಿ ೨೦ ಸೆಂ.ಮೀ. ಆಳದ ಪುಸ್ತಕದ ಕಪಾಟನ್ನು ಗೋಡೆಯುದ್ದಕ್ಕೂ ಮಾಡಿಸಿ, ಅದರ ಮುಖಕ್ಕೆ ಸಮನಾಗಿ ಧ್ವನಿವರ್ಧಕವನ್ನು ಇಡಬಹುದು. ಫಲ ಹೆಚ್ಚು ಕಡಿಮೆ ಒಂದೇ. ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು.

ಮಳೆಯ ಎರಚಲು ಬಡಿಯುವ ಹೊರಗೋಡೆ ಬೇಡ. ತೇವಕ್ಕೆ ಮರ ಉಬ್ಬುತ್ತದೆ, ಗೆದ್ದಲು ಹತ್ತುತ್ತದೆ. ಒಳಗೆ ವಿದ್ಯುತ್ ತಂತಿಯೋ ನೀರಿನ ಕೊಳವೆಯೋ ಹೋಗಿರುವ ಜಾಗವೂ ಬೇಡ. ಮಕ್ಕಳು ಓದುವ, ಹಿರಿಯರು ಮಲಗುವ ಕೋಣೆ ಗೋಡೆಯ ಆಚೆಗಿದ್ದರೆ ಬೇರೆ ಗೋಡೆಯನ್ನು ಆರಿಸಿಕೊಳ್ಳುವುದು ಲೇಸು.

ಪೆಟ್ಟಿಗೆಯ ಅಳತೆ

ಎಷ್ಟು ಕೆಳಗಿನ ಸ್ವರ ನಮಗೆ ಬೇಕು? ಒಂದು ಕಟ್ಟೆ ಶ್ರುತಿಯಲ್ಲಿ ಹಾಡುವ ಗಾಯಕರ ಷಡ್ಜ ಸುಮಾರು ೧೩೧ ಹರ್ಟ್ಜ್. ಅವರ ತಂಬೂರಿಯ ಮಂದ್ರ ಷಡ್ಜದ ತಂತಿ ಅದರ ಅರ್ಧ, ಎಂದರೆ ಸುಮಾರು ೬೫ ಹರ್ಟ್ಜ್. ಆ ತಂತಿ ತುಂಬಿ ನುಡಿಯುವಂತಾದರೆ ಮನೆಯ ಕೇಳ್ಮೆಗೆ ಕೊರತೆಯಿಲ್ಲ.

ಧ್ವನಿವರ್ಧಕ ಮತ್ತು ಪೆಟ್ಟಿಗೆಗಳ ಹೊಂದಾಣಿಕೆ ಒಂದು ಕಾಲದಲ್ಲಿ ಬಹುಮಟ್ಟಿಗೆ ಊಹೆಯ ಮಾತಾಗಿತ್ತು. ೧೯೬೧ರಲ್ಲಿ ಆಸ್ಟ್ರೇಲಿಯದ ನೆವಿಲ್ ಥೀಲ್, ಬಳಿಕ ೧೯೭೦ರ ದಶಕದಲ್ಲಿ ರಿಚರ್ಡ್ ಸ್ಮಾಲ್, ಇದನ್ನು ಲೆಕ್ಕದ ಹಾದಿಗೆ ತಂದರು. ಅವರ ಹೆಸರಿನ ಅಂಕಿಗಳನ್ನು ತಯಾರಕರು ಧ್ವನಿವರ್ಧಕದ ವಿವರಪತ್ರದಲ್ಲಿ ಅಚ್ಚು ಹಾಕುತ್ತಾರೆ. ಕೊಳ್ಳುವಾಗ ಮೂರನ್ನು ಕೇಳಿ: ಶಂಕುವಿನ ಸಹಜ ಕಂಪನಾಂಕ, ಅದರ ಅಲುಗಾಟ ಎಷ್ಟು ಬೇಗ ಅಡಗುತ್ತದೆಂಬುದನ್ನು ಹೇಳುವ ‘ಒಟ್ಟು ಕ್ಯೂ’, ಅದರ ತೂಗಿನ ಬಿಗಿತಕ್ಕೆ ಸಮನಾದ ಗಾಳಿಯ ಪ್ರಮಾಣ.

ಉದಾಹರಣೆಗೆ ಎಂಟು ಅಂಗುಲದ ಧ್ವನಿವರ್ಧಕವೊಂದರಲ್ಲಿ ಇವು ಕ್ರಮವಾಗಿ ೩೫ ಹರ್ಟ್ಜ್, ೦.೪೫, ೪೦ ಲೀಟರ್ ಇವೆ ಎನ್ನೋಣ. ಮುಚ್ಚಿದ ಪೆಟ್ಟಿಗೆಯಲ್ಲಿ ಕ್ಯೂ ೦.೭೦೭ ಆಗುವಂತೆ ಮಾಡಿದರೆ ಮಂದ್ರ ಉಬ್ಬದೆ, ಸೊರಗದೆ ಸಮವಾಗಿರುತ್ತದೆ. ೦.೭೦೭ನ್ನು ೦.೪೫ರಿಂದ ಭಾಗಿಸಿದರೆ ೧.೫೭. ಇದರ ವರ್ಗ ೨.೪೭, ಅದರಲ್ಲಿ ಒಂದನ್ನು ಕಳೆದರೆ ೧.೪೭. ೪೦ ಲೀಟರನ್ನು ಇದರಿಂದ ಭಾಗಿಸಿದರೆ ಸುಮಾರು ೨೭ ಲೀಟರ್. ಇದೇ ಪೆಟ್ಟಿಗೆಯೊಳಗಿನ ಜಾಗ. ೩೫ನ್ನು ೧.೫೭ರಿಂದ ಗುಣಿಸಿದರೆ ೫೫ ಹರ್ಟ್ಜ್. ಅಲ್ಲಿಂದ ಕೆಳಗೆ ಮಾತ್ರ ಧ್ವನಿ ಬೇಗ ಇಳಿಯುತ್ತದೆ. ನಮ್ಮ ೬೫ ಹರ್ಟ್ಜ್‌ನ ತಂತಿ ಇದಕ್ಕೂ ಮೇಲಿದೆ.

ಒಳಗಡೆ ೩೨ ಸೆಂ.ಮೀ. ಅಗಲ, ೫೮ ಸೆಂ.ಮೀ. ಎತ್ತರ, ೧೬.೪ ಸೆಂ.ಮೀ. ಆಳವಿಟ್ಟರೆ ೩೦ ಲೀಟರಿಗೆ ಸ್ವಲ್ಪ ಹೆಚ್ಚಾಗುತ್ತದೆ. ಧ್ವನಿವರ್ಧಕದ ಬೆನ್ನು, ಅಡ್ಡಪಟ್ಟಿ, ಬಿಡಿಭಾಗಗಳು ಸೇರಿ ಮೂರು ಲೀಟರಿನಷ್ಟು ಜಾಗ ಹಿಡಿದರೆ ಬೇಕಾದುದು ಉಳಿಯುತ್ತದೆ. ೧೮ ಮಿ.ಮೀ. ಪ್ಲೈವುಡ್ಡಿನಲ್ಲಿ ಹೊರ ಆಳ ಸರಿಯಾಗಿ ೨೦ ಸೆಂ.ಮೀ. ನಿಮ್ಮ ಗೂಡಿನ ಆಕಾರ ಬೇರೆಯಾದರೆ ಅಗಲ ಎತ್ತರಗಳನ್ನು ಬದಲಿಸಿ. ಒಳಗಿನ ಲೀಟರಿನ ಲೆಕ್ಕ ಮಾತ್ರ ತಪ್ಪದಿರಲಿ. ಮಂದ್ರವನ್ನು ಹೆಚ್ಚಿಸಲು ಕೊಳವೆಯಿಟ್ಟ ಪೆಟ್ಟಿಗೆಗಳೂ ಉಂಟು. ಆದರೆ ಅವು ಅಳತೆಯ ತಪ್ಪನ್ನು ಅಷ್ಟಾಗಿ ಕ್ಷಮಿಸುವುದಿಲ್ಲ. ಮೊದಲ ಪ್ರಯತ್ನಕ್ಕೆ ಮುಚ್ಚಿದ ಪೆಟ್ಟಿಗೆಯೇ ಮೇಲು.

ಕಟ್ಟುವ ಕ್ರಮ

ಒಳ್ಳೆಯ ದರ್ಜೆಯ, ನೀರನ್ನು ತಡೆಯುವ ಪ್ಲೈವುಡ್ಡನ್ನು ಕೊಳ್ಳಿ. ಐ.ಎಸ್. ೭೧೦ ಎಂಬ ಗುರುತು ಇದ್ದರೆ ಉತ್ತಮ. ಹಲಗೆಗಳನ್ನು ಅಂಗಡಿಯಲ್ಲೇ ಯಂತ್ರದಿಂದ ನೇರವಾಗಿ ಕೊಯ್ಯಿಸಿಕೊಂಡರೆ ಮೂಲೆಗಳು ಕೂಡಿಕೊಳ್ಳುತ್ತವೆ. ಕೀಲುಗಳಿಗೆ ಅಂಟನ್ನು ಧಾರಾಳವಾಗಿ ಬಳಿದು, ಸ್ಕ್ರೂ ಬಿಗಿದು, ಒಂದು ದಿನ ಒಣಗಲು ಬಿಡಿ. ಹಿಂದಿನ ಹಲಗೆಗೂ ಮುಂದಿನ ಹಲಗೆಗೂ ನಡುವೆ ಒಂದು ಅಡ್ಡಪಟ್ಟಿಯನ್ನು ನಿಲ್ಲಿಸಿ. ಪೆಟ್ಟಿಗೆ ತಾನೇ ಗುಂಯ್‌ಗುಡಬಾರದು. ಒಳಮೂಲೆಗಳಿಗೆಲ್ಲ ಸಿಲಿಕೋನ್ ಅಥವಾ ಮೆತ್ತನೆಯ ಲಪ್ಪ ತುಂಬಿ.

ಒಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಸಡಿಲವಾಗಿ ಹರಡಿ. ಮಾಮೂಲಿನ ಹತ್ತಿ ಕಾಲಕ್ರಮದಲ್ಲಿ ಕುಸಿದು ಮುದ್ದೆಯಾಗುತ್ತದೆ, ಹುಳುವನ್ನೂ ಕರೆಯುತ್ತದೆ. ಧ್ವನಿವರ್ಧಕದ ಅಂಚಿನ ಕೆಳಗೆ ಸ್ಪಂಜಿನ ಪಟ್ಟಿಯನ್ನು ಅಂಟಿಸಿ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಗಾಳಿ ಸೋರುತ್ತಿದೆಯೇ ಎಂದು ತಿಳಿಯಲು ದುಬಾರಿ ಉಪಕರಣ ಬೇಡ. ಮಂದ್ರಸ್ವರವನ್ನು ನುಡಿಸುತ್ತ ಊದುಬತ್ತಿಯನ್ನು ಕೀಲುಗಳ ಬಳಿ, ಕಿಡಿ ತಾಗದಂತೆ, ಸರಿಸಿರಿ. ಹೊಗೆ ನಡುಗಿದ ಕಡೆ ಸೋರಿಕೆಯಿದೆ.

ಪೆಟ್ಟಿಗೆಯನ್ನು ಗೂಡಿನಲ್ಲಿ ಇಡುವಾಗ ಅದರ ಹಿಂದೆಯೂ ಪಕ್ಕಗಳಲ್ಲಿಯೂ ರಬ್ಬರಿನ ಪಟ್ಟಿ ಇರಲಿ; ಪೆಟ್ಟಿಗೆಯ ನಡುಕ ಗೋಡೆಗೆ ನೇರವಾಗಿ ದಾಟಬಾರದು. ಮುಂದಿನ ಹಲಗೆ ಗೋಡೆಯ ಗಾರೆಗೆ ಸಮನಾಗಿರಲಿ. ಸುತ್ತಲಿನ ಸಂದನ್ನು ಹಲಗೆಯ ಚೌಕಟ್ಟಿನಿಂದ ಮುಚ್ಚಿ. ಗೂಡು ಅರ್ಧ ತೆರೆದಿದ್ದರೆ ಆ ಪೊಳ್ಳು ಮಡಕೆಯಂತೆ ಮೊಳಗುತ್ತದೆ.

ಎರಡು ದಾರಿಗಳು

ಎಂಟು ಅಂಗುಲದ ಶಂಕು ತಾರಸ್ವರಗಳನ್ನು ಚೆನ್ನಾಗಿ ಹರಡಲಾರದು. ೨೦೦೦ ಹರ್ಟ್ಜ್‌ನ ಅಲೆಯ ಉದ್ದ ಸುಮಾರು ೧೭ ಸೆಂ.ಮೀ.; ಅದು ಶಂಕುವಿನ ಅಗಲದಷ್ಟೇ. ಅದಕ್ಕೂ ಮೇಲೆ ಧ್ವನಿ ದೀಪದ ಕೋಲಿನಂತೆ ನೇರವಾಗಿ ಹೋಗುತ್ತದೆ. ಬದಿಯಲ್ಲಿ ಕುಳಿತವರಿಗೆ ಸ, ಶ, ತ, ಚಗಳು ಮಸುಕಾಗುತ್ತವೆ. ಮಾತು ತಿಳಿಯುವುದು ಮುಖ್ಯವಾಗಿ ಈ ವ್ಯಂಜನಗಳಿಂದ. ಆದುದರಿಂದ ಮೇಲಿನ ಸ್ವರಗಳಿಗೆ ಒಂದು ಅಂಗುಲದ ಗುಮ್ಮಟದಾಕಾರದ ಚಿಕ್ಕ ಧ್ವನಿವರ್ಧಕ ಬೇಕು. ಎರಡರ ಅಂಚುಗಳು ಆದಷ್ಟು ಹತ್ತಿರವಿರಲಿ.

ಸ್ವರಗಳನ್ನು ಇಬ್ಭಾಗ ಮಾಡುವ ಮಂಡಲಕ್ಕೆ ಸೀಗ್‌ಫ್ರೀಡ್ ಲಿಂಕ್ವಿಟ್ಸ್ ಮತ್ತು ರಸ್ ರೈಲಿ ಅವರ ಹೆಸರಿನ ಜೋಡಣೆ ಅನುಕೂಲವಾದುದು. ಲಿಂಕ್ವಿಟ್ಸ್ ಇದನ್ನು ೧೯೭೬ರಲ್ಲಿ ಪ್ರಕಟಿಸಿದರು. ಎರಡೂ ಧ್ವನಿವರ್ಧಕಗಳು ೮ ಓಮ್ ಆಗಿದ್ದು ೨೦೦೦ ಹರ್ಟ್ಜ್‌ನಲ್ಲಿ ಭಾಗ ಮಾಡುವುದಾದರೆ, ಪ್ರತಿ ದಾರಿಗೂ ೧.೨೭ ಮಿಲಿಹೆನ್ರಿಯ ಒಂದು ಸುರುಳಿ, ೫ ಮೈಕ್ರೊಫ್ಯಾರಡಿನ ಒಂದು ಕೆಪಾಸಿಟರ್ ಬೇಕಾಗುತ್ತವೆ. ದೊಡ್ಡ ಧ್ವನಿವರ್ಧಕಕ್ಕೆ ಸುರುಳಿ ಸಾಲಿನಲ್ಲಿ, ಕೆಪಾಸಿಟರ್ ಅಡ್ಡಲಾಗಿ. ಚಿಕ್ಕದಕ್ಕೆ ಕೆಪಾಸಿಟರ್ ಸಾಲಿನಲ್ಲಿ, ಸುರುಳಿ ಅಡ್ಡಲಾಗಿ. ಚಿಕ್ಕದರ ಎರಡು ತಂತಿಗಳನ್ನು ಅದಲುಬದಲು ಮಾಡಿ ಜೋಡಿಸಬೇಕೆಂಬುದನ್ನು ಮರೆಯಬಾರದು. ಈ ಅಂಕಿಗಳು ಆರಂಭಕ್ಕೆ ಮಾತ್ರ. ಧ್ವನಿವರ್ಧಕದ ತಡೆ ಎಲ್ಲ ಸ್ವರಗಳಲ್ಲೂ ೮ ಓಮ್ ಆಗಿರುವುದಿಲ್ಲವಾಗಿ ಕೇಳಿ ನೋಡಿ ತಿದ್ದಬೇಕಾದೀತು. ಚಿಕ್ಕದು ಹೆಚ್ಚು ಚುರುಕಾಗಿ ಕೇಳಿದರೆ ಅದಕ್ಕೆ ಅಡ್ಡಲಾಗಿ ೨೦ ಓಮ್, ಆ ಜೋಡಿಗೆ ಸಾಲಿನಲ್ಲಿ ೨.೨ ಓಮ್ ತಡೆಗಳನ್ನು ಹಾಕಿ. ೩ ಡೆಸಿಬೆಲ್ ಇಳಿಯುತ್ತದೆ.

ಒಂದು ಎಚ್ಚರಿಕೆ. ನೆಲದ ಮೇಲೆ ನಿಲ್ಲುವ ಪೆಟ್ಟಿಗೆಗಳಿಗೆಂದು ಸಿದ್ಧಪಡಿಸಿದ ಮಂಡಲಗಳಲ್ಲಿ ಮಂದ್ರವನ್ನು ಎತ್ತಿ ತೋರಿಸುವ ಏರ್ಪಾಡು ಬಹುಮಟ್ಟಿಗೆ ಸೇರಿರುತ್ತದೆ. ಗೋಡೆ ಆ ಕೆಲಸವನ್ನು ಆಗಲೇ ಮಾಡಿರುವುದರಿಂದ ಅದನ್ನು ಇಲ್ಲಿ ತಂದರೆ ಎಲ್ಲರ ಗಂಟಲೂ ಗಡುಸಾಗಿ ಕೇಳಿಸುತ್ತದೆ.

ತಂತಿ ಮತ್ತು ಸುರಕ್ಷತೆ

ಹತ್ತು ಮೀಟರ್ ದೂರಕ್ಕೆ ೧.೫ ಚದರ ಮಿ.ಮೀ. ತಾಮ್ರದ ತಂತಿ ಸಾಕು. ಹೋಗಿ ಬರುವ ಎರಡೂ ಎಳೆಗಳ ತಡೆ ಸೇರಿ ಕಾಲು ಓಮಿಗಿಂತ ಕಡಿಮೆ. ಹೆಚ್ಚು ಬೆಲೆಯ ತಂತಿಯಿಂದ ಕೇಳುವ ಕಿವಿಗೆ ಲಾಭವಿಲ್ಲ. ದೀಪದ ತಂತಿ ಹೋಗುವ ಕೊಳವೆಯಲ್ಲಿ ಇದನ್ನು ಸೇರಿಸಬಾರದು. ಮಂಡಲದ ಮೂಲಕವಲ್ಲದೆ, ದೊಡ್ಡ ಧ್ವನಿವರ್ಧಕಕ್ಕೇ ಒಂದೂವರೆ ವೋಲ್ಟಿನ ಶುಷ್ಕಕೋಶವನ್ನು ಕ್ಷಣ ಮಾತ್ರ ಮುಟ್ಟಿಸಿದಾಗ ಶಂಕು ಮುಂದಕ್ಕೆ ಸರಿದರೆ, ಕೋಶದ ಧನ ತುದಿ ತಾಗಿದ್ದೇ ಧನ ತುದಿ. ಜೋಡಿಯಾಗಿ ಎರಡು ಪೆಟ್ಟಿಗೆಗಳಿದ್ದರೆ ಇದು ಎರಡರಲ್ಲೂ ಒಂದೇ ರೀತಿ ಇರಬೇಕು. ಇಲ್ಲದಿದ್ದರೆ ಮಂದ್ರ ಮಾಯವಾಗುತ್ತದೆ.

ಹಳೆಯ ವಾಲ್ವ್ ರೇಡಿಯೋವನ್ನು ಬಿಚ್ಚಿ ತಂತಿ ಎಳೆಯುವ ಸಾಹಸ ಬೇಡ. ಒಳಗೆ ಇನ್ನೂರು ವೋಲ್ಟಿಗೂ ಮೀರಿದ ಒತ್ತಡವಿರುತ್ತದೆ. ಕೆಲವು ಜಾತಿಯವುಗಳಲ್ಲಿ ಲೋಹದ ತಳವೇ ಮನೆಯ ವಿದ್ಯುತ್ತಿಗೆ ನೇರವಾಗಿ ಸೇರಿರುತ್ತದೆ. ಈಗಿನ ರೇಡಿಯೋದ ಕಿವಿಗೊಳವೆಯ ಕಿಂಡಿಯಿಂದ ಸಣ್ಣ ಆಂಪ್ಲಿಫೈಯರಿಗೆ, ಅಲ್ಲಿಂದ ಗೋಡೆಗೆ ಹೋಗುವುದೇ ನಿರಪಾಯವಾದ ಹಾದಿ. ಆಂಪ್ಲಿಫೈಯರನ್ನು ಮುಚ್ಚಿದ ಪೆಟ್ಟಿಗೆಯೊಳಗೆ ಇಡಬೇಡಿ. ಅದಕ್ಕೆ ಗಾಳಿ ಬೇಕು.

ಕೋಣೆಯೂ ಒಂದು ವಾದ್ಯ

ಚಿಕ್ಕ ಧ್ವನಿವರ್ಧಕ ಕೇಳುವವರ ಕಿವಿಯ ಎತ್ತರದಲ್ಲಿರಬೇಕು. ಕುರ್ಚಿಯಲ್ಲಿ ಕೂರುವ ಮನೆಯಾದರೆ ನೆಲದಿಂದ ಸುಮಾರು ಒಂದು ಮೀಟರ್. ಚಾಪೆಯ ಮೇಲೆ ಕೂರುವ ಮನೆಯಾದರೆ ಸುಮಾರು ಮುಕ್ಕಾಲು ಮೀಟರ್. ಜೋಡಿಯಿದ್ದರೆ ನಡುವೆ ಎರಡರಿಂದ ಎರಡೂವರೆ ಮೀಟರ್ ಅಂತರವಿಟ್ಟು, ಅಷ್ಟೇ ದೂರದಲ್ಲಿ ಕುಳಿತು ಕೇಳಬೇಕು. ವಾರ್ತೆ, ಭಾಷಣ, ನಾಟಕಗಳಿಗೆ ಒಂದೇ ಪೆಟ್ಟಿಗೆಯಾದರೂ ಸಾಕು. ಮಧ್ಯಮ ತರಂಗದಲ್ಲಿ ಸುಮಾರು ೫೦೦೦ ಹರ್ಟ್ಜ್‌ಗಿಂತ ಮೇಲಿನದು ಹೆಚ್ಚಾಗಿ ಬರುವುದಿಲ್ಲ, ಎಫ್.ಎಂ. ಪ್ರಸಾರದಲ್ಲಿ ೧೫,೦೦೦ದವರೆಗೆ ಬರುತ್ತದೆ. ಹೊಸ ಧ್ವನಿವರ್ಧಕವನ್ನು ಎಫ್.ಎಂ.ನಲ್ಲಿಯೇ ಪರೀಕ್ಷಿಸಿ.

ಎಷ್ಟೇ ಒಳ್ಳೆಯ ಧ್ವನಿವರ್ಧಕವಾದರೂ ಬರಿಗೋಡೆಯ ಕೋಣೆಯಲ್ಲಿ ಸೋಲುತ್ತದೆ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಹೊಸ ಉಪನ್ಯಾಸ ಮಂದಿರವೊಂದರಲ್ಲಿ ಆಡಿದ ಮಾತು ಐದೂವರೆ ಸೆಕೆಂಡು ಉಳಿಯುತ್ತಿತ್ತು. ೧೮೯೫ರಲ್ಲಿ ಇದರ ಪರಿಹಾರಕ್ಕೆ ತೊಡಗಿದ ವಾಲೆಸ್ ಸಾಬೀನ್ ಹತ್ತಿರದ ರಂಗಮಂದಿರದ ಮೆತ್ತೆಗಳನ್ನು ತಂದು ಹರಡಿ ಅಳೆದು, ಕೋಣೆಯ ಗಾತ್ರಕ್ಕೂ ಮೆತ್ತೆಗಳ ಹೀರಿಕೆಗೂ ಇರುವ ನಿಯಮವನ್ನು ಕಂಡುಹಿಡಿದರು. ಆ ಸೂತ್ರದ ಪ್ರಕಾರ ೧೬ ಅಡಿ ಉದ್ದ, ೧೨ ಅಡಿ ಅಗಲ, ೧೦ ಅಡಿ ಎತ್ತರದ, ನೆಲ ಗೋಡೆಗಳೆಲ್ಲ ಗಟ್ಟಿಯಾದ ಬರಿಯ ಕೋಣೆಯಲ್ಲಿ ಸದ್ದು ಮೂರು ಸೆಕೆಂಡಿಗೂ ಹೆಚ್ಚು ಉಳಿಯುತ್ತದೆ. ಅರ್ಧ ಸೆಕೆಂಡಿನ ಸುಮಾರಿಗೆ ಇಳಿದರೆ ಮಾತು ಬಿಡಿಬಿಡಿಯಾಗಿ ತಿಳಿಯುತ್ತದೆ. ದಪ್ಪ ಪರದೆ, ನೆಲಕ್ಕೆ ಜಮಖಾನ, ಎದುರು ಗೋಡೆಗೆ ಪುಸ್ತಕದ ಕಪಾಟು, ಮೆತ್ತೆಯ ಆಸನಗಳು—ಇವೇ ಔಷಧ. ಈ ಕೆಲಸವನ್ನು ಪೆಟ್ಟಿಗೆ ಕಟ್ಟುವ ಮೊದಲೇ ಮಾಡಿ ನೋಡುವುದು ಜಾಣತನ. ಅಷ್ಟರಿಂದಲೇ ಮನೆಯ ಹಿರಿಯರ ದೂರು ನಿಂತರೆ ಗೋಡೆಯ ತಂಟೆಗೆ ಹೋಗುವ ಕಾರಣವೇ ಇಲ್ಲ.

ಕೆಲಸ ಮುಗಿದ ಮೇಲೆ ಪರೀಕ್ಷೆ ಸುಲಭ. ಮನೆಯಲ್ಲಿ ಕಿವಿ ಮಂದವಾದವರನ್ನು ಅವರ ಎಂದಿನ ಜಾಗದಲ್ಲಿ ಕೂರಿಸಿ, ವಾರ್ತೆಯನ್ನು ಹಾಕಿ, ಮಾತು ತಿಳಿಯುವಷ್ಟಕ್ಕೆ ಮಾತ್ರ ಸದ್ದನ್ನು ನಿಲ್ಲಿಸಿ. ಪಕ್ಕದ ಕೋಣೆಗೆ ಹೋಗಿ ಕೇಳಿ. ಹಿಂದಿಗಿಂತ ಕಡಿಮೆ ಸದ್ದಿನಲ್ಲಿ ಅವರಿಗೆ ಮಾತು ತಿಳಿಯುತ್ತಿದ್ದು, ಓದುವ ಹುಡುಗನಿಗೂ ಅಡ್ಡಿಯಾಗದಿದ್ದರೆ ನಿಮ್ಮ ಭಾನುವಾರಗಳು ಸಾರ್ಥಕವಾದಂತೆ.